ಕೆರೆಯಂಚಿನ ರಾತ್ರಿಗೆ ಟೆಂಟೋ, ಕ್ಯಾರವಾನೋ?

ಬನವಾಸಿ ಪಕ್ಕದ ಗುಡ್ನಾಪುರ ಕೆರೆಯಾಗಲಿ, ಜೋಯಿಡಾ ಕಡೆಯ ಸೂಪಾ ಹಿನ್ನೀರಾಗಲಿ, ಅಲ್ಲಿ ರಾತ್ರಿ ಕಳೆಯುವವರಿಗೆ ಮೊದಲ ತೊಡಕು ಹಾಸಿಗೆಯದಲ್ಲ, ದಾರಿಯದು. ಮಲಗುವ ಸೌಕರ್ಯವಿರುವ ವಾಹನವಾದ ಕ್ಯಾರವಾನ್ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟವನ್ನು ಹೇಗೋ ಏರುತ್ತದೆ. ಆಮೇಲೆ ಅಡಿಕೆ ತೋಟದ ನಡುವಿನ ಮಣ್ಣುರಸ್ತೆಯಲ್ಲಿ ಬಾಗಿದ ಕೊಂಬೆಯೋ ಜೋತುಬಿದ್ದ ತಂತಿಯೋ ಎದುರಾದರೆ ಹಿಂದೆ ತೆಗೆಯಲೂ ಜಾಗವಿರುವುದಿಲ್ಲ. ನೀರು ತುಂಬಿಸಲು ನಲ್ಲಿ, ಶೌಚದ ತೊಟ್ಟಿ ಖಾಲಿ ಮಾಡುವ ವ್ಯವಸ್ಥೆ ಇದೆಯೇ ಎಂದು ಕೇಳದೆ ಹೊರಡಬೇಡಿ.

ಟೆಂಟಿನ ಕಷ್ಟವೇ ಬೇರೆ. ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಅಲ್ಯೂಮಿನಿಯಂ ಗೂಟ ಬಾಗುತ್ತದೆ. ಕಬ್ಬಿಣದ್ದೇ ಬೇಕು, ಬಡಿಯಲೊಂದು ಸುತ್ತಿಗೆಯೂ. ಡಿಸೆಂಬರ್‌ನ ಬೆಳಗಿನ ಜಾವ ಟೆಂಟಿನ ಒಳಮೈಯಲ್ಲಿ ಹನಿಗಟ್ಟಿದ ಉಸಿರಿನ ತೇವ ನೆಟ್ಟಗೆ ಮೂಗಿನ ಮೇಲೆ ತೊಟ್ಟಿಕ್ಕುತ್ತದೆ. ಜಾಲರಿ ಕಿಟಕಿಗಳನ್ನು ತುಸು ತೆರೆದಿಟ್ಟು ಮಲಗಿದರೆ ಅರ್ಧ ಕಾಟ ತಪ್ಪುತ್ತದೆ. ಮಳೆಗಾಲದಲ್ಲಿ ಮಾತ್ರ ಟೆಂಟ್ ಬೇಡವೇ ಬೇಡ, ಅದು ರಕ್ತ ಹೀರುವ ಉಂಬಳಗಳಿಗೆ ಔತಣ.

ಖರ್ಚಿನಲ್ಲಿ ಟೆಂಟೇ ಅಗ್ಗ. ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ಕ್ಯಾರವಾನ್, ಅದೂ ಡಾಂಬರು ರಸ್ತೆ ಮುಟ್ಟುವ ಜಾಗದಲ್ಲಿ. ಚಳಿಗಾಲದಲ್ಲಿ, ಇಬ್ಬರೇ ಹೊರಟಾಗ, ನಾನಂತೂ ಟೆಂಟನ್ನೇ ಹೊರುತ್ತೇನೆ. ಸೂಪಾ ಸುತ್ತಮುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ; ಯಾವುದನ್ನೇ ಆರಿಸಿದರೂ ದಡದಲ್ಲಿ ಕಂಡಕಂಡಲ್ಲಿ ತಂಗದೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಳ್ಳಿ.