ಗಾಲಿ ಎಷ್ಟು ಇಂಚು ಅಂತ ಮಾತ್ರ ಕೇಳಿ ಮೌಂಟನ್ ಸೈಕಲ್ ಕೊಳ್ಳಬೇಡಿ: ನನ್ನ ಫ್ರೇಮ್ ಬಿರುಕು ಬಿಟ್ಟಿದ್ದು ಹೀಗೆ

ಸೆಕೆಂಡ್ ಹ್ಯಾಂಡ್ ಮೌಂಟನ್ ಸೈಕಲ್ ಹುಡುಕುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಇನ್ನೊಂದು ವಾರ ಗೊತ್ತಾಗದೇ ಹೋಗಿದ್ದರೆ ನಾನು ಯಾವುದೋ ಇಳಿಜಾರಿನಲ್ಲಿ ಮುಖ ಅಡಿಯಾಗಿ ಬೀಳುತ್ತಿದ್ದೆ. ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ನಾನು ಕೊಂಡ ಸೈಕಲನ್ನು ಮಾರಿದವರು ಟ್ರೇಲ್ ಸೈಕಲ್ (ಕಾಡುದಾರಿಯ ಏರಿಳಿತಕ್ಕೆಂದು ಮಾಡಿದ್ದು) ಅಂದಿದ್ದರು. 29 ಇಂಚಿನ ಗಾಲಿ, ಮುಂದೆ 140 ಎಂಎಂ ಟ್ರಾವೆಲ್ (ಕುಲುಕಿಗೆ ಒಳಗೆ ಕುಗ್ಗುವ ದೂರ) ಇರುವ ದಪ್ಪ ಫೋರ್ಕ್, ಬಟನ್ ಒತ್ತಿದರೆ ಸೀಟು ಕೆಳಗಿಳಿಯುವ ಡ್ರಾಪರ್ ಪೋಸ್ಟ್. ನೋಡಲು ಗಟ್ಟಿಮುಟ್ಟಾಗಿತ್ತು. ನಾನು ಕೇಳಿದ್ದು ಎರಡೇ ಪ್ರಶ್ನೆ. ಗಾಲಿ ಎಷ್ಟು ಇಂಚು? ಫೋರ್ಕ್ ಎಷ್ಟು ಎಂಎಂ? ಎರಡಕ್ಕೂ ಬೇಕಾದ ಉತ್ತರ ಸಿಕ್ಕಿತು. ಫ್ರೇಮ್ ಯಾವ ಮಾಡೆಲ್, ಅದು ಎಷ್ಟು ಟ್ರಾವೆಲ್‌ಗೆ ಮಾಡಿದ್ದು ಅಂತ ಕೇಳುವುದು ಹೊಳೆಯಲೇ ಇಲ್ಲ.

ಮೊದಲ ದಿನದಿಂದಲೇ ಒಂದು ಕಿರಿಕಿರಿ ಇತ್ತು. ಕಡಿದಾದ ಏರಿನಲ್ಲಿ ಮುಂದಿನ ಗಾಲಿ ನೆಟ್ಟಗೆ ಹೋಗುತ್ತಿರಲಿಲ್ಲ. ಅತ್ತಿತ್ತ ಓಲಾಡುತ್ತಿತ್ತು. ನನಗೇ ಅಭ್ಯಾಸ ಸಾಲದು ಅಂದುಕೊಂಡು ಸುಮ್ನೆ ತುಳಿಯುತ್ತಿದ್ದೆ.

ಕೆಲವು ತಿಂಗಳ ನಂತರ ಕಲ್ಲಿಗೆ ಬಡಿದು ಹಿಂದಿನ ರಿಮ್ ಸೊಟ್ಟಗಾಯಿತು. ಹೇಗೂ ಬದಲಾಯಿಸಬೇಕು, ಜೊತೆಗೇ 12 ಸ್ಪೀಡ್ ಗೇರನ್ನೂ ಹಾಕಿಸೋಣ ಅನಿಸಿತು. ಮುಂದಿನ ಗಾಲಿ ಬಿಚ್ಚಿ ಅದರ ನಡುವಿನ ಹಬ್ಬಿನ ಅಗಲ ಅಳೆದೆ. 110 ಎಂಎಂ ಬಂತು. ಅಂದರೆ ಬೂಸ್ಟ್, ಈಚಿನ ಸೈಕಲ್‌ಗಳ ಅಗಲವಾದ ಹಬ್ಬಿನ ಅಳತೆ. ಬೂಸ್ಟ್‌ನಲ್ಲಿ ಹಿಂದಿನ ಹಬ್ 148 ಇರುತ್ತದೆ ಅಂತ ಓದಿದ್ದೆ. ಹಿಂದಿನದನ್ನು ಅಳೆಯದೇ 148ರ ಗಾಲಿ ತರಿಸಿಬಿಟ್ಟೆ.

ಅದು ಕೂರಲಿಲ್ಲ. ನನ್ನ ಫ್ರೇಮಿನ ಹಿಂಭಾಗ ಇದ್ದದ್ದು 142. ಹೆಚ್ಚಾಗಿದ್ದು ಬರೀ 6 ಎಂಎಂ, ಆದರೆ ಅಷ್ಟು ಸಾಕು. ಪರಿಚಯದವರೊಬ್ಬರು "ಸ್ವಲ್ಪ ಅಗಲಿಸಿ ನೋಡು, ಕೂರತ್ತೆ" ಅಂದರು. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಹಳೆಯ ಸ್ಟೀಲ್ ಫ್ರೇಮನ್ನು ಗೊತ್ತಿರುವವರು ಅಗಲ ಮಾಡುವುದುಂಟು. ಅಲ್ಯೂಮಿನಿಯಂ ಮತ್ತು ಕಾರ್ಬನ್ ಫ್ರೇಮುಗಳನ್ನು ಹಾಗೆ ಎಳೆಯುವಂತಿಲ್ಲ.

ಹೋಗಲಿ, ಹೊಸ ಕ್ಯಾಸೆಟ್ಟನ್ನಾದರೂ (ಹಿಂದಿನ ಗಾಲಿಯ ಗೇರು ಚಕ್ರಗಳ ಗೊಂಚಲು) ಹಳೆಯ ಹಬ್ಬಿಗೆ ಹಾಕೋಣ ಅಂದರೆ ಅದೂ ಹತ್ತಲಿಲ್ಲ. ತುಂಬಾ ಜನ ಎಡವುವುದು ಇಲ್ಲೇ. ಹಳೆಯ ಶಿಮಾನೋ ಎಚ್‌ಜಿ ಫ್ರೀಹಬ್ಬಿನಲ್ಲಿ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಚಿಕ್ಕ ಗೇರು 11 ಹಲ್ಲಿನದು. 10 ಹಲ್ಲಿನಿಂದ ಶುರುವಾಗುವ 12 ಸ್ಪೀಡ್ ಕ್ಯಾಸೆಟ್ಟಿಗೆ ಬೇರೆಯದೇ ಫ್ರೀಹಬ್ ಬೇಕು. ಸ್ರಾಮ್ ಕಂಪನಿಯದಾದರೆ ಎಕ್ಸ್‌ಡಿ, ಶಿಮಾನೋ ಆದರೆ ಮೈಕ್ರೋ ಸ್ಪ್ಲೈನ್. 11 ಹಲ್ಲಿನಿಂದ ಶುರುವಾಗುವ 12 ಸ್ಪೀಡ್ ಕ್ಯಾಸೆಟ್ಟುಗಳೂ ಇವೆ, ಅವು ಹಳೆಯ ಹಬ್ಬಿಗೆ ಹೋಗುತ್ತವೆ. ಪೆಟ್ಟಿಗೆಯ ಮೇಲೆ 12 ಸ್ಪೀಡ್ ಅಂತ ಇದ್ದ ಮಾತ್ರಕ್ಕೆ ನಿಮ್ಮ ಹಬ್ಬಿಗೆ ಹೊಂದುತ್ತದೆ ಅಂದುಕೊಳ್ಳಬೇಡಿ.

ಆದರೆ ನಾನು ಮಾಡಿದ ದೊಡ್ಡ ತಪ್ಪು ಹೊಂದದ ಸಾಮಾನು ತರಿಸಿದ್ದಲ್ಲ. ಮುಂದೆ 110, ಹಿಂದೆ 142 ಅಂತ ಕಣ್ಣೆದುರಿಗೇ ಇತ್ತು. ಸಾಮಾನ್ಯವಾಗಿ ಬೂಸ್ಟ್ ಸೈಕಲ್ ಎರಡೂ ಕಡೆ ಬೂಸ್ಟ್ ಆಗಿಯೇ ಕಾರ್ಖಾನೆಯಿಂದ ಬರುತ್ತದೆ. ಮುಂದೊಂದು ಕಾಲದ್ದು, ಹಿಂದೊಂದು ಕಾಲದ್ದು ಇದೆ ಅಂದರೆ ಯಾರೋ ಫೋರ್ಕ್ ಬದಲಾಯಿಸಿದ್ದಾರೆ ಅಂತ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ. ಗಾಲಿ ವಾಪಸ್ ಕಳಿಸಿ, 142ರದ್ದು ತರಿಸಿ, ಅದೇ ಸೈಕಲನ್ನು ಮತ್ತೆ ಓಡಿಸಿದೆ.

ಆಮೇಲೆ ಬ್ರೇಕ್ ಹಿಡಿದಾಗಲೆಲ್ಲ ಹ್ಯಾಂಡಲ್ ಕೆಳಗಿನಿಂದ ಕಟ್ ಕಟ್ ಅಂತ ಸದ್ದು ಬರಲು ಶುರುವಾಯಿತು. ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗು) ಸಡಿಲವಾಗಿರಬೇಕು ಅಂತ ಬಿಗಿ ಮಾಡಿದೆ. ಸದ್ದು ನಿಲ್ಲಲಿಲ್ಲ. ಒಂದು ಭಾನುವಾರ ಸೈಕಲನ್ನು ತಲೆಕೆಳಗೆ ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಡೌನ್ ಟ್ಯೂಬಿನ (ಮುಂದಿನಿಂದ ಪೆಡಲಿನ ಕಡೆ ಇಳಿಯುವ ಕೊಳವೆ) ಅಡಿಭಾಗ, ಹೆಡ್ ಟ್ಯೂಬಿಗೆ (ಫೋರ್ಕ್ ಸಿಕ್ಕಿಸುವ ಗಿಡ್ಡ ಕೊಳವೆ) ಸೇರುವ ಬೆಸುಗೆಯ ಹಿಂದೆ, ಕೂದಲೆಳೆಯಂಥ ಕಪ್ಪು ಗೆರೆ. ಮಣ್ಣೆಂದು ಇನ್ನೊಮ್ಮೆ ಒರೆಸಿದೆ. ಹೋಗಲಿಲ್ಲ. ಉಗುರು ಆಡಿಸಿದೆ. ಉಗುರು ಸಿಕ್ಕಿಕೊಂಡಿತು. ಸೈಕಲನ್ನು ನೆಟ್ಟಗೆ ನಿಲ್ಲಿಸಿ, ಮುಂದಿನ ಬ್ರೇಕ್ ಒತ್ತಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸುತ್ತಾ ಬಗ್ಗಿ ನೋಡಿದೆ. ಆ ಗೆರೆ ಬಾಯಿ ತೆರೆದು ಮುಚ್ಚುತ್ತಿತ್ತು.

ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡೇ ಹೋದೆ. ಅವರು ಫ್ರೇಮ್ ನೋಡಿ ಕೇಳಿದ ಮೊದಲ ಮಾತು: "ಸರ್, ಇದಕ್ಕೆ ಈ ಫೋರ್ಕ್ ಯಾರು ಹಾಕಿದ್ರು?"

ಅದು ಟ್ರೇಲ್ ಫ್ರೇಮೇ ಅಲ್ಲ. ವೇಗದ ಓಟಕ್ಕೆಂದು ಮಾಡುವ ಹಗುರವಾದ ಕ್ರಾಸ್ ಕಂಟ್ರಿ ಫ್ರೇಮ್, 100 ಎಂಎಂ ಫೋರ್ಕಿಗೆಂದು ಮಾಡಿದ್ದು. ಅದಕ್ಕಿಂತ 40 ಎಂಎಂ ಹೆಚ್ಚು ಉದ್ದದ ಫೋರ್ಕ್ ಹಾಕಿದರೆ ಸೈಕಲಿನ ಮೂತಿ ಮೇಲೇಳುತ್ತದೆ. ಹೆಡ್ ಆಂಗಲ್, ಅಂದರೆ ಹೆಡ್ ಟ್ಯೂಬಿನ ಓರೆ, ಹತ್ತಿರ ಹತ್ತಿರ 2 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಸೀಟೂ ಹಿಂದೆ ಸರಿದು ಭಾರವೆಲ್ಲ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಏರಿನಲ್ಲಿ ಮುಂದಿನ ಗಾಲಿ ಓಲಾಡುತ್ತಿದ್ದದ್ದು ಅದಕ್ಕೇ, ನನ್ನ ಅಭ್ಯಾಸದ ತಪ್ಪಲ್ಲ. ಇನ್ನು ಫೋರ್ಕ್ ಅಂದರೆ ಹೆಡ್ ಟ್ಯೂಬಿಗೆ ಸಿಕ್ಕಿಸಿದ ಹಾರೆ ಇದ್ದಂತೆ. ಹಾರೆ ಉದ್ದವಾದಷ್ಟೂ ಮೀಟುವ ಬಲ ಜಾಸ್ತಿ. ಪ್ರತಿ ಕಲ್ಲು, ಪ್ರತಿ ಬ್ರೇಕು ಆ ಬೆಸುಗೆಯನ್ನು ಮೀಟುತ್ತಲೇ ಇತ್ತು.

ಫೋರ್ಕ್ ಟ್ರಾವೆಲ್ ಎಷ್ಟು ಎಂಎಂ ಅನ್ನುವ ಹೆಚ್ಚುಕಡಿಮೆ ಲೆಕ್ಕ ಹೀಗಿದೆ. ಕ್ರಾಸ್ ಕಂಟ್ರಿ 100ರಿಂದ 120, ಟ್ರೇಲ್ 120ರಿಂದ 150, ಎಂಡ್ಯೂರೋ 150ರಿಂದ 180, ಡೌನ್‌ಹಿಲ್ ಅಂದರೆ 200ರ ಆಸುಪಾಸು. ಆದರೆ ಈ ಹೆಸರುಗಳನ್ನು ಮಾರುವವರು ತಮಗೆ ಬೇಕಾದಂತೆ ಬಳಸುತ್ತಾರೆ. ಹೆಸರು ನಂಬಬೇಡಿ. ಮಾಡೆಲ್, ವರ್ಷ ಕೇಳಿ, ಆ ಫ್ರೇಮಿಗೆ ಕಂಪನಿ ಒಪ್ಪಿರುವ ಗರಿಷ್ಠ ಫೋರ್ಕ್ ಎಷ್ಟು ಅಂತ ಹುಡುಕಿ. ಕೆಲವು ಫ್ರೇಮುಗಳ ಮೇಲೆ ಎಎಸ್‌ಟಿಎಂ ವರ್ಗದ (ಎಷ್ಟು ಒರಟು ಬಳಕೆಗೆ ಮಾಡಿದ್ದು ಅಂತ ಹೇಳುವ ವರ್ಗ) ಸ್ಟಿಕ್ಕರ್ ಕೂಡ ಇರುತ್ತದೆ. ವರ್ಗ 2 ಅಂದರೆ 15 ಸೆಂಮೀ ಎತ್ತರದಿಂದ ಇಳಿಯುವಷ್ಟಕ್ಕೆ ಮಾತ್ರ, ವರ್ಗ 3 ಅಂದರೆ 61 ಸೆಂಮೀ, ವರ್ಗ 4 ಅಂದರೆ 122 ಸೆಂಮೀ. ದಪ್ಪ ಟೈರು, ದೊಡ್ಡ ಫೋರ್ಕ್ ನೋಡಿ ಬೆರಗಾಗುವ ಬದಲು ಆ ಸ್ಟಿಕ್ಕರ್ ಹುಡುಕಿ.

ಗಾಲಿ ಅಳತೆಯಲ್ಲೂ ಇಂಚು ನಂಬಬೇಡಿ. ಟೈರಿನ ಪಕ್ಕದಲ್ಲಿ 57-622 ಅಂತ ಸಣ್ಣದಾಗಿ ಬರೆದಿರುತ್ತದೆ. ಎರಡನೇ ಸಂಖ್ಯೆಯೇ ಎಂಎಂನಲ್ಲಿ ರಿಮ್ಮಿನ ನಿಜವಾದ ಅಳತೆ. 26 ಇಂಚಿಗೆ 559, 27.5ಕ್ಕೆ 584, 29ಕ್ಕೆ 622. 27.5 ಅಂದರೆ ಸರಿಯಾಗಿ ನಡುವಿನದು ಅಂತ ಅನಿಸುತ್ತದೆ ಅಲ್ವಾ? ಅಲ್ಲ, ಅದು 26ಕ್ಕೇ ಹತ್ತಿರ. ಹಾಗಾಗಿ 29ರ ಸೈಕಲಿಗೆ ಹಿಂದೆ 27.5 ಹಾಕಿ ಮಲೆಟ್ ಮಾಡುವ ಈಗಿನ ಆಸೆಯಲ್ಲೂ ಹುಷಾರು. ಹಿಂದಿನ ಆಕ್ಸಲ್ 19 ಎಂಎಂ ಕೆಳಗಿಳಿಯುತ್ತದೆ, ಪೆಡಲ್ ಕಲ್ಲಿಗೆ ತಗಲುತ್ತದೆ. ಅದಕ್ಕೆಂದೇ ಮಾಡಿದ ಫ್ರೇಮ್ ಆದರೆ ತೊಂದರೆಯಿಲ್ಲ.

ಇನ್ನೊಂದು ವಿಷಯ. 2023ರಲ್ಲಿ ಬಂದ ಸ್ರಾಮ್ ಟ್ರಾನ್ಸ್‌ಮಿಷನ್ ಡಿರೇಲರಿಗೆ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಹ್ಯಾಂಗರೇ (ಅದನ್ನು ಫ್ರೇಮಿಗೆ ತಗಲಿಸುವ ತುಂಡು) ಇಲ್ಲ, ನೇರ ಫ್ರೇಮಿಗೆ ಕೂರುತ್ತದೆ. ಫ್ರೇಮು ಯುಡಿಎಚ್ ಅನ್ನುವ ಮಾದರಿಯ ಹ್ಯಾಂಗರಿನದ್ದಾಗಿದ್ದರೆ ಮಾತ್ರ. ಹಳೆಯ ಫ್ರೇಮಿಗೆ ಯಾರಾದರೂ "ಹಾಕಿಕೊಡ್ತೀವಿ" ಅಂದರೆ ಮೊದಲು ಯುಡಿಎಚ್ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ.

ಮಾರಿದವರಿಗೆ ಫೋನ್ ಮಾಡಿದೆ. ತಮಗೂ ಗೊತ್ತಿರಲಿಲ್ಲ, ತಾವೂ ಹಾಗೇ ಕೊಂಡಿದ್ದು ಅಂದರು. ನಿಜವೂ ಇರಬಹುದು. ಆ ಬಿರುಕಿನ ಮೇಲೆ ಪೇಂಟ್ ಬಳಿದರೆ ಸೈಕಲ್ ಮತ್ತೊಬ್ಬರಿಗೆ ಮಾರಾಟವಾಗುತ್ತಿತ್ತು ಅಂತಲೂ ನನಗೆ ಗೊತ್ತು. ಅದಕ್ಕೇ ಗಾಲಿ, ಫೋರ್ಕ್, ಬ್ರೇಕ್ ಎಲ್ಲ ಬಿಚ್ಚಿಟ್ಟುಕೊಂಡು, ಮೆಕ್ಯಾನಿಕ್ ಮುಂದೆಯೇ ಫ್ರೇಮನ್ನು ಹ್ಯಾಕ್ಸಾದಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕಿದೆ.