ಡಬ್ಬ 650 ವ್ಯಾಟ್, ಒಳಗೆ ಕೂರಿಸಿದ್ದು ಬೇರೆ: ಕಂಪ್ಯೂಟರ್ ಅಸೆಂಬಲ್ ಮಾಡಿಸುವವರು ದಯವಿಟ್ಟು ಓದಿ

ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟಿದ್ದರೆ ಇದನ್ನು ಓದಿ ಆಮೇಲೆ ಹೋಗಿ. ನಮಗೆ ಅಂಗಡಿಯವರು ಎಸ್‌ಎಂಪಿಎಸ್ ವಿಷಯದಲ್ಲಿ, ಅಂದರೆ ಕಂಪ್ಯೂಟರ್‌ನ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪೆಟ್ಟಿಗೆಯ ವಿಷಯದಲ್ಲಿ, ಟೋಪಿ ಹಾಕಿದರು. ಡಬ್ಬ ಅಸಲಿ, ಬಿಲ್ ಅಸಲಿ, ಒಳಗಿದ್ದದ್ದು ಮಾತ್ರ ಬೇರೆ. ಬರೆಯಲು ನಾಚಿಕೆ ಆಗುತ್ತಿದೆ, ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ಮಗಳು ಅನಿಮೇಷನ್ ಕೋರ್ಸಿಗೆ ಸೇರಿದ್ದಾಳೆ. ಬ್ಲೆಂಡರ್ ಅನ್ನುವ 3ಡಿ ಅನಿಮೇಷನ್ ಸಾಫ್ಟ್‌ವೇರ್ ಓಡುವಂಥ ಮೆಷಿನ್ ಬೇಕಿತ್ತು. ತುಮಕೂರಿನಿಂದ ಬೆಂಗಳೂರಿನ ಎಸ್‌ಪಿ ರೋಡಿಗೆ, ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಬೀದಿಗೆ, ಹೋದೆವು. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 650 ವ್ಯಾಟ್‌ನ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್. ಚೌಕಾಸಿ ಎಲ್ಲ ಆಯಿತು. ಬಿಲ್ ಇಲ್ಲದೆ ತಗೊಂಡರೆ ಕಮ್ಮಿ ಮಾಡ್ತೀವಿ ಅಂದರು, ಬೇಡ, ಜಿಎಸ್‌ಟಿ ಬಿಲ್ಲೇ ಕೊಡಿ ಅಂದೆ. ಡಬ್ಬಗಳನ್ನು ಕೌಂಟರ್ ಮೇಲೆ ಸಾಲಾಗಿ ಇಟ್ಟು ತೋರಿಸಿದರು. ಸೀಲ್ ಇತ್ತು.

"ಅಸೆಂಬಲ್ ಮಾಡೋಕೆ ಟೈಮ್ ಹಿಡಿಯುತ್ತೆ ಸಾರ್, ಮಗೂನ ಕರ್ಕೊಂಡು ಹೋಗಿ ಊಟ ಮುಗಿಸ್ಕೊಂಡ್ ಬನ್ನಿ."

ಎಷ್ಟು ಪ್ರೀತಿ ನೋಡಿ! ನಾವು ವಾಪಸ್ ಬರುವಷ್ಟರಲ್ಲಿ ಎಲ್ಲ ರೆಡಿ. ಕ್ಯಾಬಿನೆಟ್ ಒಳಗೆ ಬಣ್ಣಬಣ್ಣದ ಲೈಟು, ಪರದೆ ಮೇಲೆ ಯೂಟ್ಯೂಬ್ ವಿಡಿಯೋ. ಅದೇ ಅವರ ಟೆಸ್ಟಿಂಗ್. ಖಾಲಿ ಡಬ್ಬಗಳನ್ನೂ ಕಟ್ಟಿ ಕೊಟ್ಟರು, "ವಾರಂಟಿಗೆ ಬೇಕಾಗುತ್ತೆ, ಎಸೀಬೇಡಿ" ಅಂತ ಬೇರೆ ಹೇಳಿದರು.

ಮನೆಯಲ್ಲಿ ಬ್ರೌಸಿಂಗ್, ಟೈಪಿಂಗ್, ಸಿನಿಮಾ ಎಲ್ಲ ಸರಿ. ಮಾಡಿದ ದೃಶ್ಯವನ್ನು ಚಿತ್ರವಾಗಿಸುವ ರೆಂಡರ್ ಒತ್ತಿದಳೋ, ಪಟ್ ಅಂತ ಪರದೆ ಕಪ್ಪು. ಎರಡು ಸೆಕೆಂಡ್ ಬಿಟ್ಟು ತಾನೇ ಆನ್. ಮತ್ತೆ ರೆಂಡರ್, ಮತ್ತೆ ಕಪ್ಪು. ನೀಲಿ ಪರದೆ ಇಲ್ಲ, ಎರರ್ ಇಲ್ಲ, ಏನೂ ಇಲ್ಲ.

ಅಂಗಡಿಗೆ ಫೋನ್ ಮಾಡಿದೆ. "ವಿಂಡೋಸ್ ಪ್ರಾಬ್ಲಂ ಸಾರ್, ಹೊಸದಾಗಿ ಹಾಕ್ಕೊಳ್ಳಿ." ಹಾಕಿದೆವು. ಅದೇ ಕತೆ. "ಡ್ರೈವರ್ ಅಪ್‌ಡೇಟ್ ಮಾಡಿ ಸಾರ್." ಮಾಡಿದೆವು. "ನಿಮ್ಮ ಕಡೆ ವೋಲ್ಟೇಜ್ ಸರಿ ಇರಲ್ಲ ಸಾರ್, ಅರ್ಥಿಂಗ್ ಚೆಕ್ ಮಾಡ್ಸಿ." ಎಲೆಕ್ಟ್ರಿಷಿಯನ್ ಕರೆಸಿ ದುಡ್ಡು ಕೊಟ್ಟು ಅದನ್ನೂ ಮಾಡಿಸಿದೆ. ಮೀಟರ್‌ನಲ್ಲಿ 230ರ ಆಸುಪಾಸು, ಅರ್ಥಿಂಗ್ ಚೆನ್ನಾಗಿದೆ. ಕೊನೆಗೆ "ಒಂದು ಯುಪಿಎಸ್ ತಗೊಂಡ್ಬಿಡಿ ಸಾರ್, ನಮ್ಮ ಹತ್ರಾನೇ ಇದೆ." ಇದಕ್ಕೆ ಏನು ಹೇಳೋಣ!

ಅಕ್ಕನ ಮಗ ಬಂದು ನೋಡಿದ. ವಿಂಡೋಸ್ ತನ್ನ ದಾಖಲೆ ಇಡುವ ಇವೆಂಟ್ ವ್ಯೂವರ್ ತೆಗೆದ. ಪ್ರತಿ ಸಲವೂ ಅಲ್ಲಿ 'ಕರ್ನಲ್-ಪವರ್ 41' ಅಂತ ಬಿದ್ದಿದೆ. ಅದೊಂದೇ ಇದ್ದರೆ ಏನೂ ಹೇಳಲು ಬರುವುದಿಲ್ಲವಂತೆ, ಮೆಷಿನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಅಂತ ಮಾತ್ರ ಅದರ ಅರ್ಥ. ಆದರೆ ಒಳಗಿನ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಇತ್ತು. ಅಂದರೆ ಕ್ರ್ಯಾಶ್ ಆಗಿದೆ ಅಂತ ಬರೆದಿಡಲೂ ವಿಂಡೋಸ್‌ಗೆ ಪುರಸೊತ್ತು ಸಿಕ್ಕಿಲ್ಲ. ಆದರೂ ಹುಡುಗ ಅವಸರ ಮಾಡಲಿಲ್ಲ. ರ‍್ಯಾಮ್ ಒಂದೊಂದೇ ಕಡ್ಡಿ ಹಾಕಿ ನೋಡಿದ, ಅದರ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿದ, ರಾತ್ರಿಯೆಲ್ಲ ಮೆಮರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದ. ಒಂದು ಎರರ್ ಇಲ್ಲ. ಪ್ರೊಸೆಸರ್ ಬಿಸಿ 70 ಡಿಗ್ರಿ ದಾಟುತ್ತಿರಲಿಲ್ಲ. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಬರೀ ಪ್ರೊಸೆಸರ್ ಮೇಲೆ ರೆಂಡರ್ ಹಾಕಿದ. ನಿಧಾನ, ಆದರೆ ಆಫ್ ಆಗಲಿಲ್ಲ. "ಮಾಮ, ಎಸ್‌ಎಂಪಿಎಸ್ ನೋಡೋಣ" ಅಂದ.

ಈಗಿನ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಕೆಳಗಡೆ ಇರುತ್ತದೆ, ಮೇಲೊಂದು ತಗಡಿನ ಮುಚ್ಚಳ. ಗಾಜಿನ ಕಡೆಯಿಂದ ಏನೂ ಕಾಣುವುದಿಲ್ಲ. ಹಿಂದಿನ ಬಾಗಿಲು ಬಿಚ್ಚಿ ಟಾರ್ಚ್ ಬಿಟ್ಟೆವು. ಹೆಸರೇ ಕೇಳದ ಕಂಪನಿಯ ಬೂದು ಬಣ್ಣದ ಪೆಟ್ಟಿಗೆ. ಮೈಮೇಲೆ ಗೀರು, ಫ್ಯಾನಿನ ಜಾಲರಿಯಲ್ಲಿ ಧೂಳು. ಹೊಸ ಮೆಷಿನ್‌ನಲ್ಲಿ ಹಳೇ ಧೂಳು! ಸ್ಟಿಕ್ಕರ್ ಮೇಲೆ ದಪ್ಪಗೆ 450 ವ್ಯಾಟ್. ಅದರ ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ 18 ಆಂಪಿಯರ್. ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ 8 ಪಿನ್ ವಯರ್ ಅದರಲ್ಲಿ ಇರಲೇ ಇಲ್ಲ. ಮೊಲೆಕ್ಸ್ ಅನ್ನುವ ಹಳೇ ಮಾದರಿಯ ಎರಡು ವಯರ್‌ಗೆ ಒಂದು ಕನ್ವರ್ಟರ್ ಸಿಕ್ಕಿಸಿ, ಕಾಣದ ಹಾಗೆ ಹಿಂದೆ ಮಡಚಿಟ್ಟಿದ್ದರು.

ಅಟ್ಟದ ಮೇಲಿದ್ದ ಡಬ್ಬ ಇಳಿಸಿದೆ. ಡಬ್ಬದ ಮೇಲೆ 650, ಒಳ್ಳೆ ಕಂಪನಿ, ಸೀರಿಯಲ್ ನಂಬರ್. ಒಳಗಿರುವುದು 450. ಡಬ್ಬ ನೋಡುತ್ತೇನೆ, ಸ್ಟಿಕ್ಕರ್ ನೋಡುತ್ತೇನೆ. ಮತ್ತೆ ಡಬ್ಬ ನೋಡುತ್ತೇನೆ. ನಾವು ಅನ್ನ ಸಾರು ಕಲಸುತ್ತಿದ್ದಾಗ ಇವರು ಇಲ್ಲಿ ಇದನ್ನು ಕೂರಿಸುತ್ತಿದ್ದರು! ಮಗಳು ಪಕ್ಕದಲ್ಲೇ ನಿಂತಿದ್ದಳು, ಅವಳ ಮುಖ ನೋಡಲು ಆಗಲಿಲ್ಲ ನನಗೆ.

ಲೆಕ್ಕ ಹಾಕಿ ನೋಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಮುಖ್ಯವಾಗಿ ಕರೆಂಟ್ ಬರುವುದು ಆ 12 ವೋಲ್ಟ್ ಲೈನಿನಿಂದ, ಸ್ಟಿಕ್ಕರ್‌ನ 450 ಅಲ್ಲ, ಅದರ ಲೆಕ್ಕವೇ ಮುಖ್ಯ. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಆರ್‌ಟಿಎಕ್ಸ್ 3060 ಒಂದಕ್ಕೇ 170 ಬೇಕು. ಪ್ರೊಸೆಸರ್ 76ರವರೆಗೆ ಎಳೆಯುತ್ತದೆ. ಅಲ್ಲಿಗೇ 246, ಇನ್ನು ಫ್ಯಾನು, ಬೋರ್ಡು ಬೇರೆ. ಕಾರ್ಡ್ ಒಮ್ಮೊಮ್ಮೆ ಕ್ಷಣಮಾತ್ರಕ್ಕೆ ಇದಕ್ಕಿಂತ ಜಾಸ್ತಿಯೂ ಎಳೆಯುತ್ತದೆ. ಆಗ ವೋಲ್ಟೇಜ್ ಬೀಳುತ್ತದೆ, ಕರೆಂಟ್ ಸರಿ ಇದೆ ಅಂತ ಎಸ್‌ಎಂಪಿಎಸ್ ಕೊಡುವ 'ಪವರ್ ಗುಡ್' ಸಿಗ್ನಲ್ ನಿಂತುಹೋಗುತ್ತದೆ, ಮದರ್‌ಬೋರ್ಡ್ ರೀಸೆಟ್ ಆಗುತ್ತದೆ. ಒಳ್ಳೆ 650ರಲ್ಲಿ ಇದೇ 12 ವೋಲ್ಟ್‌ಗೆ 50 ಆಂಪಿಯರ್ ಮೇಲೆ ಇರುತ್ತದೆ. ವಿಂಡೋಸ್ ಪ್ರಾಬ್ಲಂ ಅಂತೆ, ವಿಂಡೋಸ್!

ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಫೋನ್ ಮಾಡಿದರೆ "ನೀವು ಕ್ಯಾಬಿನೆಟ್ ಓಪನ್ ಮಾಡಿದೀರ ಸಾರ್, ವಾರಂಟಿ ಹೋಯ್ತು." ಅಲ್ಲಪ್ಪ, ಓಪನ್ ಮಾಡದಿದ್ದರೆ ಗೊತ್ತಾಗುತ್ತಿತ್ತಾ? "ನೀವೇ ಬದಲಾಯಿಸಿ ನಮ್ಮ ಮೇಲೆ ಹಾಕ್ತಿದೀರ" ಅಂದ. ಮೈ ಉರಿಯಿತು. ಸ್ವಲ್ಪ ಹೊತ್ತಿಗೆ "ಹುಡುಗ ಮಿಸ್ಟೇಕ್ ಮಾಡಿರ್ಬೇಕು ಸಾರ್." ಸಂಜೆಗೆ "ಸ್ಟಾಕ್ ಇರ್ಲಿಲ್ಲ, ಟೆಂಪರರಿ ಹಾಕಿದ್ವಿ, ನಿಮಗೆ ಹೇಳಿದ್ವಲ್ಲ ಸಾರ್." ಒಂದೇ ದಿನದಲ್ಲಿ ಮೂರು ಕತೆ. ಸ್ಟಾಕ್ ಇಲ್ಲದಿದ್ದರೆ ಆ ಡಬ್ಬದಲ್ಲಿ ಏನಿತ್ತು ಸ್ವಾಮಿ?

ಮಾತು ಬದಲಾಗಿದ್ದು ನಾನು 1915 ಅಂದ ಮೇಲೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಹಾಕಿ ಅದರ ಸ್ಕ್ರೀನ್‌ಶಾಟ್ ಕಳಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ: ಬಿಲ್‌ನಲ್ಲಿ ಬರೆದ ಅವಧಿಯಲ್ಲಿ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ, ದೋಷ ಇರುವ ಮಾಲು ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. "ಅಷ್ಟಕ್ಕೆಲ್ಲ ಕಂಪ್ಲೇಂಟ್ ಯಾಕೆ ಸಾರ್, ನಾವು ನಿಮ್ಮವರೇ ಅಲ್ವಾ" ಅಂತ ಶುರು ಮಾಡಿದರು. 650ರದ್ದು ಕೊಟ್ಟರು, ಮೇಲೆ ಫಿಟ್ಟಿಂಗ್ ಚಾರ್ಜ್ 500 ಕೇಳಿದರು! ಕೊಡಲಿಲ್ಲ. ಅವರ ಕೈಗೆ ಮೆಷಿನ್ನೂ ಕೊಡಲಿಲ್ಲ. ಅಕ್ಕನ ಮಗನೇ ಹಾಕಿದ. ಆವತ್ತಿನಿಂದ ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ.

ಎಸ್‌ಪಿ ರೋಡಿನಲ್ಲಿ ಒಳ್ಳೆ ಅಂಗಡಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೂ ಹೋದರೆ ಊಟ ಕಟ್ಟಿಕೊಂಡು ಹೋಗಿ, ಸ್ಕ್ರೂ ಹಾಕಿ ಮುಗಿಯುವವರೆಗೆ ಅಲ್ಲೇ ಕೂತಿರಿ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ ಮೇಲೆ ಬರೆಸಿ. ನಮ್ಮ ಬಿಲ್‌ನಲ್ಲಿ ಸುಮ್ನೆ 'ಎಸ್‌ಎಂಪಿಎಸ್ 650' ಅಂತಿತ್ತು, ಅವರ ಧೈರ್ಯವೇ ಅದು. ಯೂಟ್ಯೂಬ್ ತೋರಿಸಿದರೆ ಒಪ್ಪಬೇಡಿ. ಪ್ರೊಸೆಸರ್, ಕಾರ್ಡ್ ಎರಡರ ಮೇಲೂ ಒಟ್ಟಿಗೆ ಲೋಡ್ ಬೀಳುವ ಟೆಸ್ಟ್ ಅರ್ಧ ಗಂಟೆ ಓಡಿಸಿ ಅನ್ನಿ. ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ಮೊನ್ನೆ ಅದೇ ನಂಬರಿನಿಂದ ಮೆಸೇಜ್ ಬಂತು: "ಸಾರ್, ಪ್ರಾಬ್ಲಂ ಸಾಲ್ವ್ ಆಯ್ತಲ್ಲ, ಗೂಗಲ್‌ನಲ್ಲಿ ಫೈವ್ ಸ್ಟಾರ್ ಹಾಕಿ." ಹಾಕಿದ್ದೇನೆ, ಒಂದು ಸ್ಟಾರ್, ಸ್ಟಿಕ್ಕರ್ ಫೋಟೋ ಸಮೇತ.