ಬಯಾಲಜಿ ಲ್ಯಾಬ್ ರಿನೋವೇಶನ್: ಕಲ್ಲಿಗೆ ಫುಲ್ ಮಾರ್ಕ್ಸ್, ವೈರಿಂಗಿಗೆ ಜಸ್ಟ್ ಪಾಸ್

ನಾನು ಯೂನಿವರ್ಸಿಟಿಯೊಂದರಲ್ಲಿ ಬಾಟನಿ ಪಾಠ ಮಾಡುತ್ತೇನೆ. ನಮ್ಮ ಹಳೇ ಪ್ರಾಕ್ಟಿಕಲ್ ಹಾಲನ್ನು ಹೊಸದು ಮಾಡಿಕೊಟ್ಟ ಲ್ಯಾಬ್ ಫರ್ನಿಚರ್ ಕಂಪನಿ ಬಗ್ಗೆ ಇದು. ದೂರುಗಳೂ ಇರುವುದರಿಂದ ಹೆಸರು ಹಾಕುವುದಿಲ್ಲ.

ಮೊದಲು ಟೇಬಲ್ ಕಲ್ಲು. ಹಿಂದೆ ಇದ್ದದ್ದು ಕಡಪ ಕಲ್ಲು. ನೋಡೋಕೆ ಕಪ್ಪಗೆ, ಗಟ್ಟಿಯಾಗಿರುತ್ತದೆ. ಆದರೆ ಅದು ಸುಣ್ಣದ ಕಲ್ಲಿನ ಜಾತಿ, ಆಸಿಡ್ ಬಿದ್ದರೆ ಕೊರೆದುಹೋಗುತ್ತದೆ. ಈರುಳ್ಳಿ ಬೇರಿನ ತುದಿಯಲ್ಲಿ ಮೈಟಾಸಿಸ್ (ಜೀವಕೋಶ ಒಡೆದು ಎರಡಾಗೋದು) ನೋಡುವ ಪ್ರಾಕ್ಟಿಕಲ್ ನೆನಪಿದೆ ಅಲ್ವಾ? ಬೇರನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಕವರ್ ಸ್ಲಿಪ್ ಇಟ್ಟು ಹೆಬ್ಬೆರಳಲ್ಲಿ ಒತ್ತೋದು. ಯಾವ ಬ್ಯಾಚ್ ಬಂದರೂ ನಾಲ್ಕು ಹನಿ ಟೇಬಲ್ ಮೇಲೆ ಬೀಳದೆ ಇರಲ್ಲ. ವರ್ಷಗಟ್ಟಲೆ ಬಿದ್ದು ಬಿದ್ದು ನಮ್ಮ ಟೇಬಲ್‌ಗಳಿಗೆ ಚಿಬ್ಬು ಹಿಡಿದ ಹಾಗಾಗಿತ್ತು. ಈಗ ಚಾಮರಾಜನಗರ ಕಡೆಯ ಕಪ್ಪು ಗ್ರಾನೈಟ್ ಹಾಕಿದ್ದಾರೆ. ಸೂಪರ್‌ವೈಸರ್ ಎದುರಿಗೇ ಒಂದು ಹನಿ ಆಸಿಡ್ ಬಿಟ್ಟು, ಸ್ವಲ್ಪ ಹೊತ್ತು ಕಾದು ಒರೆಸಿದೆ. ಗುರುತೂ ಕಾಣಲಿಲ್ಲ. ಅಂಚು ಉರುಟು ಮಾಡಿದ್ದಾರೆ, ಕೆಳಗೆ ಮೊಣಕಾಲಿಗೆ ಜಾಗ ಬಿಟ್ಟಿದ್ದಾರೆ. ಮೂರು ಗಂಟೆ ಮೈಕ್ರೋಸ್ಕೋಪ್ ಮುಂದೆ ಕೂತವರಿಗೆ ಇದರ ಬೆಲೆ ಗೊತ್ತು.

ಸಿಂಕ್ ವಿಷಯಕ್ಕೆ ಸ್ವಲ್ಪ ವಾದ ಆಯಿತು. ಅಡುಗೆಮನೆ ಸ್ಟೀಲ್ ಸಿಂಕ್ ತಂದಿಳಿಸಿದ್ದರು.

"ಒಳ್ಳೇ ಸ್ಟೀಲು ಮೇಡಂ, ಏನೂ ಆಗಲ್ಲ."

"ಪಾತ್ರೆ ತೊಳೆದರೆ ಆಗಲ್ಲಪ್ಪ, ಇಲ್ಲಿ ತೊಳೆಯೋದು ಆಸಿಡ್ ಬಾಟಲಿ."

ಆರ್ಡರ್‌ನಲ್ಲಿ ಪಾಲಿಪ್ರೊಪಿಲೀನ್, ಅಂದರೆ ಆಸಿಡ್ ತಡೆಯುವ ಪ್ಲಾಸ್ಟಿಕ್ಕಿನದು, ಅಂತಲೇ ಇತ್ತು. ತಕರಾರಿಲ್ಲದೆ ಬದಲಾಯಿಸಿದರು, ಅದು ಮೆಚ್ಚಬೇಕು.

ಎಡವಿದ್ದು ವೈರಿಂಗ್‌ನಲ್ಲಿ. ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ 121 ಡಿಗ್ರಿಗೆ ಏರಿ ಅಲ್ಲೇ ಕನಿಷ್ಠ 15 ನಿಮಿಷ ನಿಲ್ಲಬೇಕು. ಅದರ ಹೀಟರ್ ಎಳೆಯುವ ಕರೆಂಟು ಜಾಸ್ತಿ, ಪ್ರತ್ಯೇಕ ಲೈನ್ ಕೊಡಿ ಅಂತ ನಕ್ಷೆ ಮೇಲೆ ಕೆಂಪು ಪೆನ್ನಲ್ಲಿ ಬರೆದುಕೊಟ್ಟಿದ್ದೆ. ಅವರು ಅದನ್ನು ಡೀಪ್ ಫ್ರೀಜರ್ ಲೈನಿಗೇ ಸೇರಿಸಿದ್ದರು. ಒಂದು ಶನಿವಾರ ಎಂ.ಎಸ್ಸಿ. ಹುಡುಗರು ಮೀಡಿಯಾ (ಕಲ್ಚರ್ ಬೆಳೆಸುವ ಪೋಷಕಾಂಶದ ಮಿಶ್ರಣ) ಇಟ್ಟು ಆನ್ ಮಾಡಿದ್ದಾರೆ, ಎಂಸಿಬಿ ಟ್ರಿಪ್ ಆಗಿ ಇಡೀ ಲೈನಿನ ಕರೆಂಟು ಹೋಗಿದೆ. ಆಟೋಕ್ಲೇವೇ ಕೆಟ್ಟಿತು ಅಂದುಕೊಂಡು ಬೀಗ ಹಾಕಿಕೊಂಡು ಹೋಗಿದ್ದಾರೆ. ಸೋಮವಾರ ನೋಡಿದರೆ ಮೈನಸ್ 20ರ ಫ್ರೀಜರ್ ಕೆಳಗೆ ನೀರು. ಒಳಗಿದ್ದ, ಡಿಎನ್‌ಎ ಕತ್ತರಿಸಲು ಬಳಸುವ ರೆಸ್ಟ್ರಿಕ್ಷನ್ ಎಂಜೈಮ್‌ಗಳೆಲ್ಲ ಹಾಳು, ಪಿಎಚ್.ಡಿ. ಹುಡುಗಿಯೊಬ್ಬಳ ಕೆಲಸ ಹೊಸ ಸ್ಟಾಕ್ ಬರುವವರೆಗೆ ಬಂದ್. ಕಂಪನಿಯವರು ಹೊಸ ಗೋಡೆ ಕೊರೆದು ಲೈನ್ ಬೇರೆ ಮಾಡಿಕೊಟ್ಟರು. ಎಂಜೈಮ್ ದುಡ್ಡಿನ ಮಾತೆತ್ತಿದರೆ ಮಾತ್ರ "ನೋಡೋಣ ಮೇಡಂ".

ಪಕ್ಕದ ಜುವಾಲಜಿ ಹಾಲು, ಯುಜಿಸಿ 2014ರಲ್ಲಿ ಪ್ರಾಣಿಗಳ ಡಿಸೆಕ್ಷನ್ ನಿಲ್ಲಿಸಿ ಎಂದ ಮೇಲೆ, ಸುಮ್ನೆ ಗೋಡೌನ್ ಆಗಿ ಬಿದ್ದಿತ್ತು. ಈಗ ಅಲ್ಲಿ ಟಿಶ್ಯೂ ಕಲ್ಚರ್ ರೂಮ್, ಗಿಡದ ಚೂರಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವ ಜಾಗ. ರ‍್ಯಾಕ್‌ಗಳಿಗೆ ಎಲ್‌ಇಡಿ, 16 ಗಂಟೆ ಬೆಳಕು 8 ಗಂಟೆ ಕತ್ತಲೆಗೆ ಟೈಮರ್, ಎಲ್ಲಾ ಚೆನ್ನಾಗಿದೆ. ಆದರೆ ಎಸಿಯನ್ನು, ಗಿಡದ ಚೂರುಗಳಿಗೆ ಕ್ರಿಮಿ ತಾಗದಂತೆ ಕೆಲಸ ಮಾಡುವ ಪೆಟ್ಟಿಗೆ, ಅಂದರೆ ಲ್ಯಾಮಿನಾರ್ ಏರ್‌ಫ್ಲೋ ಎದುರಿಗೇ ಕೂರಿಸಿದ್ದರು. ಹೆಪಾ ಫಿಲ್ಟರ್ (ಧೂಳು, ಕ್ರಿಮಿ ತಡೆಯುವ ಜರಡಿ) ಹಾದು ಬರುವ ಶುದ್ಧ ಗಾಳಿ ಒಳಗಿನಿಂದ ನಮ್ಮ ಕಡೆ ಬರಬೇಕು. ಎದುರಿನಿಂದ ಎಸಿ ಬೀಸಿದರೆ ಆ ಫಿಲ್ಟರ್ ಇದ್ದೇನು ಬಂತು? ಬಾಯಲ್ಲಿ ಹೇಳಿದರೆ ಒಪ್ಪಲಿಲ್ಲ. ಊದುಬತ್ತಿ ಹಚ್ಚಿ ಲ್ಯಾಮಿನಾರ್ ಬಾಯಿ ಹತ್ತಿರ ಹಿಡಿದೆ. ಹೊಗೆ ಸೀದಾ ಒಳಗೆ ಹೋಯಿತು. ಮಾರನೇ ದಿನವೇ ಎಸಿ ಪಕ್ಕದ ಗೋಡೆಗೆ ಬಂತು.

ಮರಗೆಲಸ, ಕಲ್ಲು, ನಲ್ಲಿಗೆ ಇವರನ್ನು ಧೈರ್ಯವಾಗಿ ಕರೆಸಿ. ಕರೆಂಟಿನ ಕೆಲಸಕ್ಕೆ ಮಾತ್ರ ಬೇರೆ ಎಲೆಕ್ಟ್ರಿಷಿಯನ್ ಹತ್ತಿರ ಚೆಕ್ ಮಾಡಿಸಿ, ಗೋಡೆ ಮುಚ್ಚುವ ಮೊದಲೇ ಎಲ್ಲಾ ಮಷಿನ್ ಒಟ್ಟಿಗೆ ಆನ್ ಮಾಡಿ ನೋಡಿ. ಆಸಿಡ್ ಹೊಗೆ ಹೊರಗೆಳೆಯುವ ನಮ್ಮ ಫ್ಯೂಮ್ ಹುಡ್ ಪೈಪ್ ಇನ್ನೂ ಟೆರೇಸ್ ತಲುಪಿಲ್ಲ. ಕೊನೇ ಕಂತಿನ ಬಿಲ್ಲಿಗೆ ನಾನೂ ಸೈನ್ ಹಾಕಿಲ್ಲ.